ಅಬ್ಬೆಯನ್ನು ಗೇಟಿನ ಹೊರಗೆ ನಿಲ್ಲಿಸಿದ ಅಧಿಕಾರಿಗಳಿಗೆ

ಮಾನ್ಯರೇ,

ಮೊದಲಿಗೆ ಕ್ಷಮಿಸಬೇಕು. ಪ್ರಥಮ ಬಿ.ಎ. ಓದುವ ಹುಡುಗಿಯೊಬ್ಬಳು ತನ್ನ ಹಾಸ್ಟೆಲಿನ ಆಡಳಿತಾಧಿಕಾರಿಗಳಿಗೆ ಹೀಗೆ ಊರೆಲ್ಲ ಓದುವ ಪತ್ರಿಕೆಯಲ್ಲಿ ಬರೆಯಬಾರದು ಎಂದು ನನಗೆ ಗೊತ್ತಿದೆ. ನನ್ನ ಕನ್ನಡವನ್ನೂ ಕ್ಷಮಿಸಬೇಕು. ಒಂದನೇ ಕ್ಲಾಸಿನಿಂದ ಮಂಗಳೂರಿನ ಬೋರ್ಡಿಂಗಿನಲ್ಲಿ ಸಿಸ್ಟರುಗಳ ಕೈಕೆಳಗೆ ಬೆಳೆದವಳು ನಾನು. ಸಿಟ್ಟು ಬಂದರೆ ಇಂಗ್ಲಿಷ್ ಬರುತ್ತದೆ, ಹೆದರಿಕೆಯಾದರೆ ತುಳು ಬರುತ್ತದೆ. ಈಗ ಎರಡೂ ಒಟ್ಟಿಗೆ ಆಗುತ್ತಿರುವುದರಿಂದ ಕನ್ನಡದಲ್ಲಿ ಬರೆಯುತ್ತಿದ್ದೇನೆ. ವಿಷಯ ಇಷ್ಟೇ: ನನ್ನನ್ನು ಸಾಕಿದ ತಾಯಿಯನ್ನು ನೀವು ನನ್ನ ಗಾರ್ಡಿಯನ್ ಎಂದು ಒಪ್ಪುತ್ತಿಲ್ಲ. ಒಪ್ಪದಿದ್ದರೆ ಈ ತಿಂಗಳ ಕೊನೆಗೆ ನನ್ನ ಸೀಟು ಹೋಗುತ್ತದೆ. ಇದನ್ನು ಅರ್ಜಿಯಲ್ಲಿ ಬರೆದುಕೊಟ್ಟೆ, ಉತ್ತರ ಬರಲಿಲ್ಲ. ಮತ್ತೊಮ್ಮೆ ಕೊಟ್ಟೆ. ಅದರ ಮೇಲೆ ನಿಮ್ಮ ಅಟೆಂಡರು ಚಾದ ಗ್ಲಾಸು ಇಟ್ಟದ್ದನ್ನು ಕಣ್ಣಾರೆ ಕಂಡೆ. ಪತ್ರಿಕೆಯ ಮೇಲೂ ಗ್ಲಾಸು ಇಡಬಹುದು, ಆದರೆ ಎಲ್ಲ ಪ್ರತಿಗಳ ಮೇಲೆ ಇಡುವಷ್ಟು ಗ್ಲಾಸುಗಳು ನಿಮ್ಮ ಆಫೀಸಿನಲ್ಲಿ ಇರಲಾರವು.

ನಿಮ್ಮ ಕೋಣೆಯಲ್ಲಿ ನಡೆದದ್ದು ಮರೆತಿದ್ದರೆ ನೆನಪಿಸುತ್ತೇನೆ. ಮನೋರಮಾ ಎಂಬ ಹೆಂಗಸು ನೆಟ್ಟಣದಿಂದ ಬೆಳಗಿನ ಬಸ್ಸು ಹಿಡಿದು ಬಂದಿದ್ದಳು. ಅವಳನ್ನು ನಾನು ಅಬ್ಬೆ ಎನ್ನುತ್ತೇನೆ. ಹವ್ಯಕರ ಮನೆಗಳಲ್ಲಿ ತಾಯಿಯನ್ನು ಕರೆಯುವುದು ಹಾಗೆ. ನನ್ನನ್ನು ಹೆತ್ತವಳು, ಜೂನಿನಲ್ಲಿ ನಿಮ್ಮ ಹಾಸ್ಟೆಲಿಗೆ ಸೇರಿಸಿ ಸಹಿ ಹಾಕಿದವಳು, ನನ್ನ ಅಮ್ಮ ಹರಿಣಾಕ್ಷಿ. ದೀಪಾವಳಿಯ ಮೊದಲು ಅಮ್ಮ ತೀರಿಕೊಂಡಳು. ಅವಳ ಜಾಗಕ್ಕೆ ಅಬ್ಬೆಯ ಹೆಸರು ಬರೆದುಕೊಳ್ಳಿ ಎಂದು ಕೇಳಲು ನಾವಿಬ್ಬರೂ ನಿಮ್ಮೆದುರು ನಿಂತಿದ್ದೆವು. ಕೂತುಕೊಳ್ಳಿ ಎಂದು ನೀವು ಹೇಳಲಿಲ್ಲ. ನನ್ನ ಹಾಗೆ ಪೋಲಿಯೋ ಕಾಲಿಗೆ ಕಬ್ಬಿಣದ ಕ್ಯಾಲಿಪರ್ ಕಟ್ಟಿಕೊಂಡವಳು ನಿಲ್ಲುವುದಕ್ಕೂ ನೀವು ನಿಲ್ಲುವುದಕ್ಕೂ ವ್ಯತ್ಯಾಸವಿದೆ ಎಂದು ಯಾರೂ ನಿಮಗೆ ಹೇಳಿಲ್ಲವೇನೋ.

"ನೀವು ಇವಳಿಗೆ ಎಂತ ಆಗ್ಬೇಕು?" ಎಂದು ಅಬ್ಬೆಯನ್ನು ಕೇಳಿದಿರಿ.

"ಸಾಕಿದವಳು."

"ಸಾಕಿದವಳು ಅಂದ್ರೆ? ಮನೆಕೆಲಸಕ್ಕೆ ಇದ್ದವರಾ?"

"ಅಲ್ಲ ಮಾರಾಯ್ರೆ. ಇವಳ ಅಮ್ಮನೊಟ್ಟಿಗೆ ಇದ್ದವಳು. ಇವಳು ಸಣ್ಣದಿರುವಾಗಿಂದ ನಮ್ದು ಒಂದೇ ಮನೆ."

"ಅವರು ತುಳುವಿನವರು, ನೀವು ಭಟ್ರ ಪೈಕಿ. ಒಂದೇ ಮನೆ ಹೇಗೆ ಆಗುದು?"

"ಬಾಡಿಗೆಗೆ ಸಿಕ್ಕಿತು," ಎಂದಳು ಅಬ್ಬೆ.

ಆಗ ನಾನು ನಡುವೆ ಬಾಯಿ ಹಾಕಿದೆ. "ಇವರೂ ನನ್ನ ತಾಯಿಯೇ ಸರ್," ಎಂದೆ. ನೀವು ಗುಮಾಸ್ತರ ಕಡೆ ತಿರುಗಿ, "ಒಬ್ಬಳಿಗೆ ಎರಡು ತಾಯಿ ಇರ್ಲಿಕ್ಕೆ ಇದೆಂತ ಕೃಷ್ಣನ ಕಥೆಯಾ?" ಎಂದಿರಿ. ಗುಮಾಸ್ತರು ನಕ್ಕರು. ನಗುವುದು ಅವರ ಡ್ಯೂಟಿ, ಅವರ ಮೇಲೆ ನನಗೆ ಸಿಟ್ಟಿಲ್ಲ. ಕೃಷ್ಣನ ಕಥೆ ನನಗೂ ಗೊತ್ತು. ಸಿಸ್ಟರುಗಳು ಹೇಳದಿದ್ದರೂ ಅಬ್ಬೆ ಹೇಳಿದ್ದಾಳೆ. ಅದರಲ್ಲಿ ಯಶೋದೆಯನ್ನು ನಿಲ್ಲಿಸಿಕೊಂಡು ರಕ್ತಸಂಬಂಧದ ರುಜುವಾತು ಕೇಳಿದ ಅಧಿಕಾರಿ ಯಾರೂ ಇಲ್ಲ. ರಕ್ತಸಂಬಂಧಿಯಾಗಿ ಆ ಮಗುವನ್ನು ಊರೂರು ಹುಡುಕಿಸಿದವನು ಒಬ್ಬನೇ. ಅವನು ಸೋದರಮಾವ.

ನೀವು ಕೊಟ್ಟ ತೀರ್ಪೂ ಸೋದರಮಾವನ ಪರವಾಗಿಯೇ ಇತ್ತು. "ನಿಮ್ಮಲ್ಲಿ ಅಳಿಯಕಟ್ಟು ಅಲ್ವಾ, ಮಾವನೇ ಯಜಮಾನ. ಅವರನ್ನು ಕರ್ಕೊಂಡು ಬಾ, ಆಮೇಲೆ ನೋಡುವ." ನಮ್ಮ ಕಟ್ಟಳೆಯ ಬಗ್ಗೆ ಇಷ್ಟು ತಿಳಿದುಕೊಂಡದ್ದಕ್ಕೆ ಥ್ಯಾಂಕ್ಸ್. ಆದರೆ ಅಳಿಯಕಟ್ಟಿನಲ್ಲಿ ಮನೆ ನಡೆಯುವುದು, ಹೆಸರು ಮುಂದುವರಿಯುವುದು ತಾಯಿಯಿಂದ. ಅದು ನಿಮಗೆ ನೆನಪಾಗಲಿಲ್ಲ, ಯಜಮಾನ ಮಾತ್ರ ನೆನಪಾದ. ನನ್ನ ತಂದೆ ನನಗೆ ಪೋಲಿಯೋ ಬಂದ ವರ್ಷವೇ ಬೊಂಬಾಯಿಗೆ ಹೋದವರು, ಅಲ್ಲಿಯೇ ಇನ್ನೊಂದು ಸಂಸಾರ ಮಾಡಿದರು. ಮುಖ ನೆನಪಿಲ್ಲ. ನಾಳೆ ಅವರು ಬಂದು ನಿಂತರೆ, ಇವಳ ಯಾವ ಕಾಲು ಊನ ಎಂದು ನೀವು ಕೇಳುವುದಿಲ್ಲ, ಅವರಿಗೂ ಅದು ಗೊತ್ತಿರುವುದಿಲ್ಲ. ಆದರೂ ಅವರ ಸಹಿ ನಡೆಯುತ್ತದೆ, ಅಲ್ಲವೇ?

ಮಾವನ ವಿಷಯಕ್ಕೆ ಬರುತ್ತೇನೆ. ಅವರ ಹೆಸರು ಸಂಕಪ್ಪ, ಇರುವುದು ಇಚಿಲಂಪಾಡಿಯಲ್ಲಿ. ಅಮ್ಮನ ಬೊಜ್ಜ, ಅಂದರೆ ಉತ್ತರಕ್ರಿಯೆ, ಅಲ್ಲಿಯೇ ಆಯಿತು. ಹೊಸ್ತಿಲ ಹತ್ತಿರ ಹೋದಾಗ ಅತ್ತೆ ತಡೆದರು. "ಜೋಡು ತೆಗ್ದು ಒಳಗೆ ಬಾ." ಇದು ಜೋಡಲ್ಲ, ಬೂಟಿಗೆ ಕಬ್ಬಿಣ ಸೇರಿಸಿ ತೊಡೆಯವರೆಗೆ ಕಟ್ಟಿದ್ದು, ತೆಗೆದರೆ ನಡೆಯಲಿಕ್ಕಾಗುವುದಿಲ್ಲ ಎಂದೆ. "ಚರ್ಮ ಅಲ್ವಾ ಅದು? ಚರ್ಮ ಹಾಕ್ಕೊಂಡು ದೀಪದ ಹತ್ತಿರ ಹೋಗ್ಲಿಕ್ಕಿಲ್ಲ." ತೆವಳಿಕೊಂಡು ಹೋಗಬಹುದಿತ್ತು. ಅಷ್ಟು ಜನರ ಎದುರು ಹದಿನೆಂಟು ವರ್ಷದ ಹುಡುಗಿ ಸೀರೆಯಲ್ಲಿ ತೆವಳುವುದನ್ನು ನೀವು ಒಮ್ಮೆ ಕಲ್ಪನೆ ಮಾಡಿಕೊಳ್ಳಿ. ನಾನು ಅಂಗಳದ ಬೆಂಚಿಗೆ ಹೋದೆ. ಅಲ್ಲಿ ಅಬ್ಬೆ ಮೊದಲೇ ಕೂತಿದ್ದಳು. ಅವಳು ಸಂಬಂಧಿಕಳಲ್ಲವೆಂದು ಊಟದ ಹೊತ್ತಿಗೆ ಬಂದ ಪರವೂರಿನವರ ಜೊತೆ ಅವಳನ್ನು ಕೂರಿಸಿದ್ದರು. ಒಂದೇ ಹೆಂಗಸಿಗಾಗಿ ಅಳುತ್ತಿದ್ದ ನಮ್ಮಿಬ್ಬರನ್ನು ಒಳಗೆ ಬಿಡದಿರಲು ಆ ಮನೆಗೆ ಎರಡು ಬೇರೆ ಬೇರೆ ಕಾರಣಗಳು ಸಿಕ್ಕಿದ್ದವು. ಅಬ್ಬೆ ಅಂದಳು, "ಹರಿಣಾಕ್ಷಿ ಇದ್ದಿದ್ರೆ ಅವಳೂ ಹೊರಗೆ ಬಂದು ಇಲ್ಲೇ ಕೂತ್ಕೊಳ್ತಿದ್ದಳು. ಒಳಗೆ ಹೊಗೆ ಅವಳಿಗೆ ಆಗುದಿಲ್ಲ." ನನಗೆ ನಗು ಬಂತು. ಬೊಜ್ಜದ ಮನೆಯಲ್ಲಿ ನಕ್ಕಳು ಎಂದು ಈಗಲೂ ಹೇಳುತ್ತಾರಂತೆ.

ನೀವು ಹೇಳಿದಿರಿ ಎಂದು ಆ ಮಾವನಲ್ಲಿಗೂ ಹೋದೆ. ಅವರು ತುಳುವಿನಲ್ಲಿ ಅಂದದ್ದನ್ನು ಕನ್ನಡ ಮಾಡಿ ಬರೆಯುತ್ತೇನೆ. "ಸಹಿ ಹಾಕ್ಲಿಕ್ಕೆ ಎಂತ, ಹಾಕ್ತೇನೆ. ಆದ್ರೆ ಆ ಹೆಂಗಸಿನ ಮನೆಗೆ ಇನ್ನು ನೀನು ಹೋಗ್ಲಿಕ್ಕಿಲ್ಲ. ರಜೆಗೆ ಇಲ್ಲಿಗೆ ಬಾ. ನಿನ್ನಮ್ಮ ನಮ್ಮ ಮರ್ಯಾದೆ ತೆಗ್ದದ್ದು ಸಾಕು. ಕಾಲಿಲ್ಲದ ಹುಡುಗಿ, ಒಂದು ವರ್ಷ ಓದು, ಆಮೇಲೆ ಇಲ್ಲೇ ಇರು, ಅನ್ನಕ್ಕೇನು ಕಮ್ಮಿ ಇಲ್ಲ." ಮಾನ್ಯರೇ, ನಿಮ್ಮ ರೂಲು ಮಾವನ ಕೈಗೆ ಕೊಟ್ಟದ್ದು ಇದು. ಅದಕ್ಕೆ ಮೊದಲು ಅವರಿಗೆ ನನ್ನ ಮೇಲೆ ಅಧಿಕಾರವೂ ಇರಲಿಲ್ಲ, ಆಸಕ್ತಿಯೂ ಇರಲಿಲ್ಲ.

ಇನ್ನು ನಿಮ್ಮ ಕರುಣೆಯ ಬಗ್ಗೆ ಸ್ವಲ್ಪ. ಹಾಸ್ಟೆಲ್ ಡೇ ದಿನ ನನ್ನನ್ನು ವೇದಿಕೆಗೆ ಕರೆದಿರಿ. ವೇದಿಕೆಗೆ ಹಿಡಿದು ಹತ್ತಲು ಏನೂ ಇರಲಿಲ್ಲವಾದ್ದರಿಂದ ಇಬ್ಬರು ನನ್ನನ್ನು ಅಕ್ಕಿಮುಡಿಯ ಹಾಗೆ ಎತ್ತಿ ಮೇಲಿಟ್ಟರು. ಈ ಹುಡುಗಿಯ ಆತ್ಮಸ್ಥೈರ್ಯ ಎಲ್ಲರಿಗೂ ಮಾದರಿ ಎಂದು ಹೇಳಿ ಒಂದು ಸ್ಟೀಲಿನ ತಟ್ಟೆ ಕೊಟ್ಟಿರಿ. ವಿಶ್ವಸಂಸ್ಥೆ ಸಾರಿದ ಅಂಗವಿಕಲರ ವರ್ಷ ಮುಗಿದು ಎಷ್ಟೋ ಕಾಲವಾಯಿತು, ನಿಮ್ಮ ಭಾಷಣ ಮುಗಿದಿಲ್ಲ. ಆತ್ಮಸ್ಥೈರ್ಯ ಎಂದರೆ ಏನು ಎಂದುಕೊಂಡಿದ್ದೀರಿ? ಬಸ್ಸಿನ ಮೆಟ್ಟಿಲಿಗೆ ಬೆನ್ನು ಮಾಡಿ ಕೂತು, ಕೈ ಊರಿ ಮೇಲೆ ಸರಿಯುವುದನ್ನು ನನಗೆ ಕಲಿಸಿದವಳು ಅಬ್ಬೆ. ಬೇಸಿಗೆ ರಜೆಯಿಡೀ ನೆಟ್ಟಣ ಸ್ಟೇಷನ್ನಿನ ಎದುರು ನಿಂತ ಬಸ್ಸಿನಲ್ಲಿ ಕಲಿಸಿದಳು. "ನೋಡುವವರು ನೋಡ್ಲಿ, ಟಿಕೆಟ್ ಅವರ ಅಪ್ಪ ತೆಗಿಯುದಾ?" ಎನ್ನುತ್ತಿದ್ದಳು. ಕ್ಯಾಲಿಪರಿನ ಪಟ್ಟಿ ಉಜ್ಜಿ ತೊಡೆಯಲ್ಲಿ ಹುಣ್ಣಾಗುತ್ತದೆ. ಅದಕ್ಕೆ ಮದ್ದು ಹಚ್ಚಿ, ಪಟ್ಟಿಯ ಒಳಗೆ ಹೊಸ ಬಟ್ಟೆ ಹೊಲಿದು ಕೊಡಲು ಅಬ್ಬೆ ಆಗಾಗ ಬರುತ್ತಾಳೆ. ರಕ್ತಸಂಬಂಧಿಗಳಿಗೆ ಮಾತ್ರ ಪ್ರವೇಶ ಎಂದು ವಾಚ್‌ಮನ್ ಅವಳನ್ನು ಗೇಟಿನ ಹೊರಗೆ ನಿಲ್ಲಿಸುತ್ತಾನೆ. ಹಾಗಾಗಿ ನಾವು ಬಸ್ ಸ್ಟ್ಯಾಂಡಿನ ಹೆಂಗಸರ ಕೋಣೆಗೆ ಹೋಗುತ್ತೇವೆ. ಅಲ್ಲಿ ಒಂದು ಮೂಲೆಯಲ್ಲಿ ಅಬ್ಬೆ ಸೆರಗು ಅಡ್ಡ ಹಿಡಿಯುತ್ತಾಳೆ, ನಾನು ಲಂಗ ಎತ್ತುತ್ತೇನೆ. ಮೀನಿನ ಬುಟ್ಟಿಯವರು, ಬಾಣಂತಿಯರು, ಮಕ್ಕಳು ಎಲ್ಲ ನೋಡುತ್ತಾರೆ. ನೀವು ಮೆಚ್ಚಿದ ಆತ್ಮಸ್ಥೈರ್ಯದ ರಿಪೇರಿ ಅಲ್ಲಿ ನಡೆಯುತ್ತದೆ.

ನೀವು ಕೇಳದೆ ಬಿಟ್ಟ ಪ್ರಶ್ನೆಯೂ ಒಂದಿದೆ. ಗುಮಾಸ್ತರು ನಿಮ್ಮ ಪರವಾಗಿ ಹೊರಗೆ ಕೇಳಿದರು: "ಅಲ್ಲ, ಅವರಿಬ್ಬರದ್ದು ಎಂತ ಕಥೆ?" ಹೇಳುತ್ತೇನೆ, ಕದ್ದು ಕೇಳಬೇಕಾಗಿಲ್ಲ. ಅಬ್ಬೆ ಗಂಡನ ಮನೆ ಬಿಟ್ಟುಬಂದು ಕಡಬದಲ್ಲಿ ಹೊಲಿಗೆ ಕ್ಲಾಸು ನಡೆಸುತ್ತಿದ್ದಳು. ಅಮ್ಮ ನನ್ನನ್ನು ಸೊಂಟದಲ್ಲಿ ಕೂರಿಸಿಕೊಂಡು ಕಲಿಯಲು ಹೋದಳು. ರೈಲು ಬಂದ ಮೇಲೆ ಇಬ್ಬರೂ ನೆಟ್ಟಣದಲ್ಲಿ ಅಂಗಡಿ ಇಟ್ಟರು. ಅವರು ಅಕ್ಕತಂಗಿಯರ ಹಾಗೆ ಇದ್ದರು ಎಂದು ಬರೆದರೆ ನಿಮಗೆಲ್ಲ ಸಮಾಧಾನವಾಗುತ್ತದೆ. ಹಾಗೆ ಇರಲಿಲ್ಲ. ಗಂಡಹೆಂಡಿರ ಹಾಗೆ ಎಂದು ಬರೆಯಲೂ ಆಗುವುದಿಲ್ಲ. ನಾನು ಕಂಡ ಗಂಡಹೆಂಡಿರು ಅಷ್ಟು ಮಾತಾಡುವುದಿಲ್ಲ. ಇದಕ್ಕೆ ಇಂಗ್ಲಿಷಿನಲ್ಲಿ ಇರುವ ಶಬ್ದವನ್ನು ಲೈಬ್ರರಿಯ ಡಿಕ್ಷನರಿಯಲ್ಲಿ ಹುಡುಕಿದೆ. ಅರ್ಥ ಬರೆದ ರೀತಿ ನೋಡಿದರೆ ಅದೂ ಪೋಲಿಯೋದ ಹಾಗೆ ಒಂದು ರೋಗ. ನನ್ನ ಕಾಲಿಗೆ ಬಂದದ್ದು ರೋಗ. ಅವರಿಬ್ಬರು ಒಂದು ಹಾಸಿಗೆಯಲ್ಲಿ ಮಲಗಿ, ಒಂದು ಬಾಚಣಿಗೆಯಲ್ಲಿ ತಲೆ ಬಾಚಿ, ಸಾರಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂದು ಇಡೀ ಪ್ರಾಯ ಜಗಳ ಮಾಡಿದ್ದು ಯಾವ ಡಾಕ್ಟರಿಗೂ ತೋರಿಸಬೇಕಾದ ವಿಷಯವಲ್ಲ. ಅಮ್ಮ ಒಮ್ಮೆ ಗುಂಡಿ ಹೊಲಿಯುತ್ತ ಹೇಳಿದ್ದಳು, "ನನ್ನ ಮದುವೆಗೆ ಇಡೀ ಊರು ಊಟ ಮಾಡಿತ್ತು ಮಗಾ, ಅದು ನಿಲ್ಲಲಿಲ್ಲ. ಇದಕ್ಕೆ ಒಬ್ಬರೂ ಚಾ ಕುಡಿಲಿಲ್ಲ, ಉಂಟಲ್ಲ, ಇಲ್ಲೇ ಉಂಟು."

ಪತ್ರ ಕಳಿಸುವ ಮೊದಲು ಅಬ್ಬೆಗೆ ಓದಿ ಹೇಳಿದೆ. ಹೆಸರು ತೆಗೆಯಬೇಕಾ ಎಂದು ಕೇಳಿದೆ. ಅವಳ ತವರಿನವರು ಅವಳ ಜೊತೆ ಮಾತು ಬಿಟ್ಟಿದ್ದಾರೆ, ಆದರೂ ಈ ಪತ್ರಿಕೆ ಅವರ ಮನೆಗೆ ಹೋಗುತ್ತದೆ. ಅಬ್ಬೆ ಕೈಯಲ್ಲಿದ್ದ ಹೊಲಿಗೆಯ ಸಾಲು ಮುಗಿಸಿದಳು. ಆಮೇಲೆ, "ಹೆಸರು ತೆಗ್ದರೆ ಮತ್ತೆ ಯಾರನ್ನು ಗಾರ್ಡಿಯನ್ ಮಾಡುದು? ಹಾಕು," ಎಂದಳು. ಅವಳಿಗೂ ಹೆದರಿಕೆ ಇದೆ ಮಾನ್ಯರೇ. ಅಂಗಡಿಗೆ ನಾಳೆಯಿಂದ ಯಾರು ಬರುತ್ತಾರೋ, ಯಾರು ಬರುವುದಿಲ್ಲವೋ.

ಆದ್ದರಿಂದ ನಾನು ಕೇಳುವುದನ್ನು ಗಟ್ಟಿಯಾಗಿ ಕೇಳುತ್ತೇನೆ. ನನ್ನ ಗಾರ್ಡಿಯನ್ ಮನೋರಮಾ ಎಂದು ಒಪ್ಪಿರಿ. ಅವಳು ಬಂದಾಗ ಗೇಟು ತೆಗೆಸಿ, ನನ್ನ ಕೋಣೆಯವರೆಗೆ ಬಿಡಿ. ನನಗೆ ಇದು ಕರುಣೆಯ ಲೆಕ್ಕದಲ್ಲಿ ಬೇಡ, ನಿಮ್ಮ ಸ್ಟೀಲಿನ ತಟ್ಟೆಯನ್ನು ಹಿಂದೆ ಕೊಡಲು ತಯಾರಿದ್ದೇನೆ. ಒಪ್ಪಲು ಆಗುವುದಿಲ್ಲ ಎಂದಾದರೆ, ಯಾವ ರೂಲಿನ ಪ್ರಕಾರ ಎಂದು ಇದೇ ಪತ್ರಿಕೆಯಲ್ಲಿ ಬರೆಯಿರಿ. ಊರವರೂ ಓದಲಿ. ಮಾವನ ಸಹಿ ನಾನು ತರುವುದಿಲ್ಲ. ಅವರು ಹಾಕಿದ ಷರತ್ತಿಗೆ ಒಪ್ಪಿ ಸಿಗುವ ಬಿ.ಎ. ನನಗೆ ಬೇಡ. ಓದಬೇಕೆಂಬ ಆಸೆ ನನಗೆ ಎಷ್ಟಿದೆ ಎಂದು ನಿಮಗೆ ಗೊತ್ತಿಲ್ಲ. ಆದರೂ ನೀವು ಸೀಟು ತೆಗೆದರೆ ನಾನು ಪೆಟ್ಟಿಗೆ ಕಟ್ಟಿ ನೆಟ್ಟಣದ ಬಸ್ಸು ಹತ್ತುತ್ತೇನೆ. ಇಚಿಲಂಪಾಡಿಗೆ ಹೋಗುವುದಿಲ್ಲ.

ತಿಂಗಳು ಮುಗಿಯುತ್ತ ಬಂತು. ದಯವಿಟ್ಟು ಬೇಗ ಉತ್ತರ ಕೊಡಿ.

ಇಂತಿ,
ನಿಮ್ಮ ಲೆಕ್ಕದಲ್ಲಿ ಹೇಳುವವರು ಕೇಳುವವರು ಯಾರೂ ಇಲ್ಲದ
ಸತ್ಯವತಿ
ಪ್ರಥಮ ಬಿ.ಎ., ಪುತ್ತೂರು