ಆದ್ರೂ ನಾನು ಊಟ ಮಾಡ್ತೀನಿ

ತೈನಾನ್
ನವೆಂಬರ್ 13, ಬುಧವಾರ

ಪ್ರೀತಿಯ ಯೂ-ಟಿಂಗ್,

ಹಿರಿಯರ ಕೇಂದ್ರಕ್ಕಾಗಿ ನಾವಿಬ್ಬರೂ ಸೇರಿ ಬರೆದ, ಮನಸ್ಸಿನ ಭಾರ ಇಳಿಸುವ ತಟ್ಟುವ ಚಿಕಿತ್ಸೆಯ ಕೈಪಿಡಿಯಿಂದ ನನ್ನ ಹೆಸರು ತೆಗೆದುಬಿಡು. ಕೋಪದಿಂದ ಹೇಳುತ್ತಿಲ್ಲ.

ಹುಬ್ಬು, ಗಲ್ಲ, ಕತ್ತಿನ ಕೆಳಗಿನ ಮೂಳೆ ಎಂದು ಬೆರಳ ತುದಿಯಿಂದ ತಟ್ಟಿಕೊಳ್ಳುವ ಜಾಗಗಳನ್ನು ಸರಳಗೊಳಿಸಿದ್ದು ನಾನೇ. ತಟ್ಟುತ್ತಾ ಹೇಳಿಕೊಳ್ಳುವ ಮಾತನ್ನೂ ಸಾಹಿತ್ಯ ಓದಿದ ಜಂಬದಲ್ಲಿ ಬರೆದೆ: 'ನನ್ನೊಳಗೆ ಈ ನೋವಿದ್ದರೂ ನನ್ನನ್ನು ನಾನು ಪೂರ್ಣವಾಗಿ ಒಪ್ಪಿ ಪ್ರೀತಿಸುತ್ತೇನೆ.' ಅಪ್ಪ ತೀರಿಹೋದ ಮೇಲೆ ಒಮ್ಮೆಯೂ ಅಳದ ಅಮ್ಮನನ್ನು ಎದುರು ಕೂರಿಸಿಕೊಂಡು ಹೇಳಿಸಲು ನೋಡಿದೆ. "ನನ್ನನ್ನ ನಾನು ಪ್ರೀತಿಸೋದಾ? ಈ ವಯಸ್ಸಲ್ಲಿ? ಪಕ್ಕದ್ಮನೆಯೋರು ಕೇಳಿಸ್ಕೊಂಡ್ರೆ ನಗ್ತಾರೆ ಕಣೇ," ಎಂದು ಮೀನಿನ ಗಂಜಿ ಬಿಸಿಮಾಡಲು ಎದ್ದುಹೋದಳು.

ನೀನು ಆ ಮಾತನ್ನು ನಿನ್ನ ತರಗತಿಯ ಅಜ್ಜಿಯರ ಮನೆಮಾತಿಗೆ ಇಳಿಸಿದೆ. ಕೊನೆಯನ್ನೇ ಬದಲಿಸಿದೆ. ಕಳೆದ ಗುರುವಾರ ನಾನು ಅಮ್ಮನಿಗೆ ಕೊಡೆ ಕೊಡಲು ಬಂದು ತರಗತಿಯ ಬಾಗಿಲಲ್ಲಿ ನಿಂತಿದ್ದೆ. ಅಮ್ಮ ಎದೆಯ ಮೇಲ್ಭಾಗ ತಟ್ಟಿಕೊಳ್ಳುತ್ತಾ, "ಒಂದು ಮಾತೂ ಹೇಳ್ದೆ ಹೊರಟುಹೋದ್ರಲ್ಲ, ಆ ಮನುಷ್ಯನ ಮೇಲೆ ನಂಗೆ ಸಿಟ್ಟಿದೆ. ಆದ್ರೂ ನಾನು ಊಟ ಮಾಡ್ತೀನಿ," ಎಂದಳು.

"ಅವರ ಪಾಲಿಂದೂ ಸೇರಿಸಿ ಮಾಡೇ," ಎಂದು ಪಕ್ಕದ ಮುದುಕಿ ಛೇಡಿಸಿದಳು. ಎಲ್ಲರೂ ನಕ್ಕರು. ಅಮ್ಮ ನಗುತ್ತಾ ನಗುತ್ತಾ ಅತ್ತಳು, ನಿನ್ನ ಹೆಗಲ ಮೇಲೆ.

ಕೊಡೆ ಕೊಡದೆ ಹಿಂತಿರುಗಿದೆ. ಮಳೆಯಲ್ಲಿ ನೆನೆದು ಬಂದ ಅಮ್ಮ, "ಯೂ-ಟಿಂಗ್ ಕೈ ಎಷ್ಟು ಬೆಚ್ಚಗಿದೆ ಗೊತ್ತಾ," ಎಂದಳು. ಅಂದಿನಿಂದ ಮನೆಯಲ್ಲಿ ನಿನ್ನದೇ ಹೆಸರು. ನನ್ನೊಡನೆ ಗ್ಯಾಸ್, ತರಕಾರಿ, ಒಣಗದ ಬಟ್ಟೆಯ ಮಾತಷ್ಟೇ.

ನಿನ್ನ ವಾಕ್ಯ ನನ್ನದಕ್ಕಿಂತ ಚೆನ್ನಾಗಿದೆ. ಅದನ್ನು ಹೇಗೋ ನುಂಗಿಕೊಂಡೆ. ಅಮ್ಮ ನನ್ನೆದುರು ಅಳದೆ ನಿನ್ನೆದುರು ಅತ್ತಳಲ್ಲ, ಅದು ಇಳಿಯುತ್ತಿಲ್ಲ. ನಿನ್ನೆ ಬಾಗಿಲು ಹಾಕಿಕೊಂಡು ನಾನೂ ತಟ್ಟಿಕೊಂಡೆ: 'ಯೂ-ಟಿಂಗ್ ಮೇಲೆ ನನಗೆ ಹೊಟ್ಟೆಕಿಚ್ಚು.' ಅಷ್ಟನ್ನು ಹೇಳಿದೆ. ಮುಂದಿನ 'ಆದ್ರೂ' ಬಾಯಿಗೆ ಬರಲಿಲ್ಲ.

ಇನ್ನೂ ನಿನ್ನ ಗೆಳತಿಯೇ ಆಗಿರುವ,
ರುಯ್-ಚೆನ್

ತಾ.ಕ.: ನಾಳೆ ತರಗತಿಗೆ ಬರುವ ಅಮ್ಮನ ಕೈಯಲ್ಲೇ ಇದನ್ನು ಕಳಿಸುತ್ತಿದ್ದೇನೆ. ಬಸ್ಸಿನಲ್ಲಿ ಕೂತರೆ ಅಮ್ಮ ಔಷಧಿ ಡಬ್ಬಿಯೊಳಗಿನ ಚೀಟಿಯನ್ನೂ ಬಿಡದೆ ಓದುತ್ತಾಳೆ. ಲಕೋಟೆಗೆ ಅಂಟು ಹಚ್ಚಿಲ್ಲ.