ಅಕ್ಕನ ವಸಡಿಗೆ ನೀವು ಬರೆದುಕೊಟ್ಟ ಮಾತ್ರೆ

ಸರ್ಕಾರಿ ಆಸ್ಪತ್ರೆಯ ದಂತ ವಿಭಾಗವನ್ನು ಆಳುತ್ತಿರುವ ಮಾನ್ಯರೇ,

ನನ್ನ ಅಕ್ಕ ಮುಂದಿನ ಮೇಲ್ಹಲ್ಲುಗಳನ್ನು ಕಳೆದುಕೊಂಡದ್ದು ನಿಮ್ಮಿಂದ. ವಯಸ್ಸಿನಿಂದಲ್ಲ, ಹಣೆಬರಹದಿಂದಲ್ಲ, ನಿಮ್ಮಿಂದ. ಇದನ್ನು ಮುಖಕ್ಕೇ ಹೇಳಲು ಬಂದಿದ್ದೆ. "ಸಾಹೇಬ್ರು ಮೀಟಿಂಗಲ್ಲಿದಾರೆ" ಎಂದು ಜವಾನ ಹೊರಗಟ್ಟಿದ. ಹಾಗಾಗಿ ಊರೇ ಓದಲಿ ಎಂದು ಬರೆಯುತ್ತಿದ್ದೇನೆ.

ಅಕ್ಕ ವಾದ್ಯತಂಡವೊಂದರಲ್ಲಿ ಕ್ಲಾರಿನೆಟ್ ನುಡಿಸುತ್ತಿದ್ದಳು. ಆ ವಾದ್ಯದ ತುದಿ ಮುಂದಿನ ಮೇಲ್ಹಲ್ಲುಗಳಿಗೆ ಆತು ನಿಲ್ಲಬೇಕು. ವಸಡಿನಲ್ಲಿ ರಕ್ತ ಜಿನುಗತೊಡಗಿದಾಗ ಅವಳು ನಿಮ್ಮ ಬಳಿಗೆ ಬಂದಳು. ಹಲ್ಲಿನ ಬುಡ ಕೆರೆದು ಶುಚಿಗೊಳಿಸುತ್ತಿದ್ದ ಕೋಣೆಯನ್ನು ನೀವು ಅಷ್ಟರಲ್ಲಿ ಮುಚ್ಚಿಸಿ, ಅಲ್ಲಿ ನಿಮ್ಮ ಮೀಟಿಂಗುಗಳಿಗೆಂದು ಮೆತ್ತನೆಯ ಕುರ್ಚಿಗಳನ್ನು ಹಾಕಿಸಿಕೊಂಡಿದ್ದಿರಿ. ಅವಳ ಬಾಯನ್ನೂ ತೆರೆಸದೆ ಅಪ್ಪಣೆ ಕೊಡಿಸಿದಿರಿ: "ಇದು ಆಕ್ಸಿಡೇಟಿವ್ ಸ್ಟ್ರೆಸ್ ಅಮ್ಮ. ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿ, ಸಾಕು. ಕ್ಲೀನಿಂಗು ಗೀನಿಂಗು ಎಲ್ಲಾ ಹಳೇ ಕಾಲದ್ದು."

"ಬೇರೆಯವರಿಗೂ ತೋರಿಸೋಣ ಕಣೇ" ಎಂದೆ ನಾನು.

"ಅಷ್ಟು ಓದಿದೋರಿಗೆ ಗೊತ್ತಿಲ್ದೆ ಇರುತ್ತೇನೋ? ಸುಮ್ನಿರು" ಎಂದಳು.

ತಿಂಗಳುಗಟ್ಟಲೆ ನಿಮ್ಮ ಮಾತ್ರೆ ನುಂಗಿದಳು. ಕೊನೆಗೆ ಒಂದು ತಾಲೀಮಿನ ನಡುವೆ ಅವಳ ಹಲ್ಲು ಅಲುಗಿ ಸ್ವರ ಸೀಳಿತು. ವಾದ್ಯವನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ಕೈ ಅಡ್ಡ ಹಿಡಿದಳು. ಬೇರೊಬ್ಬ ದಂತವೈದ್ಯೆ ಎಕ್ಸ್-ರೇ ನೋಡಿ ನಿಟ್ಟುಸಿರಿಟ್ಟರು. "ಹಲ್ಲಿನ ಬುಡದಲ್ಲಿ ಪಾಚಿ ಕಟ್ಟಿ ಕಲ್ಲಾಗಿದೆ. ಅಲ್ಲಿರೋ ಕ್ರಿಮಿ ಕೊಲ್ಲೋಕೆ ನಿಮ್ಮ ದೇಹವೇ ಬೆಂಕಿಯಂಥ ಕಣ ಬಿಡುತ್ತೆ. ಅದು ಅತಿಯಾದ್ರೆ ವಸಡು, ಮೂಳೆ ಎರಡನ್ನೂ ತಿನ್ನುತ್ತೆ, ಆಕ್ಸಿಡೇಟಿವ್ ಸ್ಟ್ರೆಸ್ ಅನ್ನೋದು ಅದಕ್ಕೇ. ಆಂಟಿಆಕ್ಸಿಡೆಂಟ್ ಆ ಬೆಂಕಿಗೆ ಒಂದಿಷ್ಟು ನೀರು ಚಿಮುಕಿಸಬಹುದು, ಅಷ್ಟೆ. ಸೌದೆ ತೆಗೀದೆ ನೀರು ಚಿಮುಕಿಸಿದ್ರೆ ಏನು ಬಂತು? ಮೊದಲೇ ಕ್ಲೀನ್ ಮಾಡಿಸಿದ್ರೆ ಈ ಹಲ್ಲು ಉಳೀತಿತ್ತು."

ಹಲ್ಲುಗಳನ್ನು ಕೀಳಿಸಬೇಕಾಯಿತು. ಕಟ್ಟಿಸಿಕೊಂಡ ಹಲ್ಲಿನಲ್ಲಿ ಊಟ ಸಾಗುತ್ತದೆ, ಕ್ಲಾರಿನೆಟ್ ಹಿಡಿತಕ್ಕೆ ಸಿಗುತ್ತಿಲ್ಲ. ಈಗ ಅಕ್ಕ ಅದೇ ತಂಡದ ಕಾರ್ಯಕ್ರಮಗಳಿಗೆ ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುತ್ತಾಳೆ. ಒಳಗೆ ಅವಳ ಜಾಗದಲ್ಲಿ ಬೇರೆ ಯಾರೋ ನುಡಿಸುತ್ತಾರೆ.

ಹಲ್ಲು ಕಚ್ಚಿಕೊಂಡು ಸಹಿಸು ಎಂದು ಹಿತೈಷಿಗಳು ಹೇಳುತ್ತಾರೆ. ಕಚ್ಚಲು ನನಗೇನೋ ಹಲ್ಲುಗಳಿವೆ, ಅಕ್ಕನಿಗೆ?

ಆ ಕುರ್ಚಿಗಳನ್ನು ಹೊರಗೆಸೆದು ಕೋಣೆಯನ್ನು ರೋಗಿಗಳಿಗೆ ಬಿಟ್ಟುಕೊಡಿ. ಮಾತ್ರೆಯೊಂದೇ ಸಾಲದು ಎಂದು ಹೊರರೋಗಿಗಳ ಸಾಲಿನೆದುರು ನಿಂತು ನಿಮ್ಮ ಬಾಯಿಂದಲೇ ಹೇಳಿ. ಆಮೇಲೆ ಹುದ್ದೆ ಬಿಟ್ಟು ಇಳಿಯಿರಿ. ಇಳಿಯದಿದ್ದರೆ, ನಿಮಗೆ ಎಲ್ಲಿ ಹಾರ ಹಾಕಿದರೂ ಆ ಸಭೆಯ ಮುಂದಿನ ಸಾಲಿನಲ್ಲಿ ನಾನಿರುತ್ತೇನೆ, ಎದ್ದು ನಿಂತು ಇದನ್ನೇ ಕೇಳುತ್ತೇನೆ. ಕ್ಷಮಾಪಣೆ ಬೇಡ. ಅಕ್ಕ ಕ್ಷಮಿಸಿಬಿಡುವವಳು, ಅದಕ್ಕೇ ಈ ಪತ್ರವನ್ನು ಅವಳಿಂದ ಬರೆಸಲಿಲ್ಲ.

ಇಂತಿ,
ತಮ್ಮ ವಿಧೇಯನಲ್ಲದ,
ಅವಳ ತಮ್ಮ