ನೀರು ನಿಲ್ಲಿಸಿದ ಬೇಬಿ ಅಜ್ಜಿಗೆ

ಗಂಗೊಳ್ಳಿ, ಎತ್ತರದ ಕೇರಿ
ಫೆಬ್ರವರಿ ಮೂವತ್ತು, ಎರಡು ಸಾವಿರದ ಇನ್ನೂರ ಹದಿನೆಂಟನೆಯ ಇಸವಿ

ಬೇಬಿ ಅಜ್ಜಿಯವರಿಗೆ, ನಿಮ್ಮ ಮಗಳ ಮಗಳ ಮಗಳ ಸಾಲಿನಲ್ಲಿ ಎಲ್ಲೋ ಕೆಳಗೆ ಹುಟ್ಟಿದ ರುಕ್ಕು ಮಾಡುವ ನಮಸ್ಕಾರಗಳು.

ತಾರೀಖು ನೋಡಿ ನಗಬೇಡಿ. ದೊಡ್ಡ ತಿಂಗಳುಗಳಿಂದ ದಿನ ಕಿತ್ತು ಫೆಬ್ರವರಿಗೆ ಕೊಟ್ಟಿದ್ದಾರೆ. ನಮಗೂ ನಿಮ್ಮ ಹೆಸರು ಕೇಳಿದಾಗ ನಗು ಬರುತ್ತದೆ, ಇಷ್ಟು ಹಳೆಯ ಅಜ್ಜಿಗೆ ಬೇಬಿ ಎನ್ನುವುದೇ ಎಂದು. ನನ್ನ ಮಾತು ಅಲ್ಲಲ್ಲಿ ವಿಚಿತ್ರವಾಗಿ ಕೇಳಿಸಿದರೆ ಮನ್ನಿಸಿ. ಈ ಪತ್ರ ಹಿಂದಕ್ಕೆ ಹೇಗೆ ಬರುತ್ತದೆಂದು ನನ್ನನ್ನು ಕೇಳಬೇಡಿ, ಅಂಚೆಯವನಿಗೂ ಗೊತ್ತಿಲ್ಲ.

ಬಲೆಗೆ ಸಿಕ್ಕಿ ಮುರಿದು ಬಂದ ಹವಳದ ಚೂರೊಂದನ್ನು ನೀವು ಗಾಜಿನ ತೊಟ್ಟಿಯಲ್ಲಿ ಇಟ್ಟಿದ್ದೀರಲ್ಲ, ಅದು ಈಗ ನಮ್ಮ ಜಗಲಿಯ ಒಂದು ಗೋಡೆಯಷ್ಟು ಉದ್ದದ ತೊಟ್ಟಿಯಲ್ಲಿ ಜಿಂಕೆಯ ಕೊಂಬಿನಂತೆ ಕವಲೊಡೆದು ನಿಂತಿದೆ. ಕಡಲಿನಲ್ಲಿ ಆ ಜಾತಿ ಉಳಿದಿಲ್ಲ. ಮನೆಗಳಲ್ಲಿ ಮಾತ್ರ ಇದೆ. ಮದುವೆಯಾಗಿ ಹೋಗುವ ಹೆಣ್ಣಿಗೆ ತಾಯಿಮನೆಯವರು ಒಂದು ಕವಲು ಮುರಿದು ಕೊಡುತ್ತಾರೆ. ಸಂಬಂಧ ನೋಡಲು ಬಂದವರು ಹುಡುಗಿಯ ಮುಖಕ್ಕಿಂತ ಮೊದಲು ತೊಟ್ಟಿಯನ್ನು ನೋಡುತ್ತಾರೆ. ಅಂಥ ಕವಲುಗಳು ಬೇರೆ ಮನೆಗಳಲ್ಲಿ ಸತ್ತದ್ದುಂಟು. ಸತ್ತಾಗಲೆಲ್ಲ ಹೊಸ ಚೂರಿಗೆ ನಮ್ಮ ಮನೆಗೇ ಬರುತ್ತಾರೆ. ಇದು ಹೋದರೆ ಚೂರು ಕೇಳಲು ಬೇರೆ ಮನೆಯಿಲ್ಲ.

ಪ್ರತಿ ಮನೆಯಲ್ಲೂ ನೀರುಕಾವಲು ಎಂಬ ಕೆಲಸ ಒಬ್ಬರದ್ದು. ನಮ್ಮಲ್ಲಿ ಅದು ಅಮ್ಮನದಾಗಿತ್ತು. ನೀರು ಅಲೆಯಂತೆ ಹೋಗಿ ಬರುವಂತೆ ಮಾಡುವ ಯಂತ್ರಕ್ಕೆ ನಾವು ಅಲೆಗಾರ ಎನ್ನುತ್ತೇವೆ. ಅದನ್ನು ಎಲ್ಲಿ ಕಟ್ಟಬೇಕು, ಎಷ್ಟು ಬಿರುಸಾಗಿ ಬಿಡಬೇಕು ಎಂಬುದೇ ಕಾವಲಿನ ವಿದ್ಯೆ. ಕವಲಿನ ಹವಳಕ್ಕೆ ಬಿರುಸು ಬೇಕು, ಆದರೆ ಒಂದೇ ಕಡೆಯಿಂದ ಹೊಡೆದರೆ ಮೈಯ ಚರ್ಮ ಸುಲಿಯುತ್ತದೆ. ಮೆತ್ತನೆಯ ಜಾತಿಗೆ ಬರೀ ತೂಗಿದಷ್ಟು ಸಾಕು. ಕಲ್ಲಿನ ಹಿಂದೆ ನೀರು ಆಡದ ಜಾಗಕ್ಕೆ ಮಂದಮೂಲೆ ಎಂದು ಹೆಸರು, ಕಸ ಕೂತು ಕೊಳೆಯುವುದು ಅಲ್ಲೇ. ಅಮ್ಮ ಚಿಟಿಕೆ ಸಿಗಡಿ ಪುಡಿ ಉದುರಿಸಿ, ಅದು ಎಲ್ಲಿ ತೇಲಿ ಎಲ್ಲಿ ನಿಲ್ಲುತ್ತದೆಂದು ನೋಡಿಯೇ ಮಂದಮೂಲೆ ಹಿಡಿಯುತ್ತಿದ್ದರು. ಕೇರಿಯಲ್ಲಿ ಸೋಮಾರಿ ಗಂಡಸರನ್ನು ಬೈಯುವುದಕ್ಕೂ ಈಗ ಅದೇ ಮಾತು.

ನಿನ್ನೆ ಬೆಳಿಗ್ಗೆ ಅಮ್ಮ ತೀರಿಕೊಂಡರು.

ನಮ್ಮಲ್ಲಿ ಒಂದು ಪದ್ಧತಿ ಇದೆ. ಸಾವಾದ ಮನೆಯಲ್ಲಿ, ಹೆಣ ಹೊರಗೆ ಹೋಗುವವರೆಗೆ ಅಲೆಗಾರನನ್ನು ನಿಲ್ಲಿಸಬೇಕು. ಅದನ್ನು ಶುರುಮಾಡಿದವರು ನೀವೇ ಅಂತೆ. ನಿಮ್ಮ ಯಜಮಾನರು ಹೋದ ದಿನ ನೀವು ಮೋಟಾರು ನಿಲ್ಲಿಸಿ, ಅವರನ್ನು ಎತ್ತಿಕೊಂಡು ಹೋಗುವವರೆಗೆ ತೊಟ್ಟಿಯ ಮುಂದೆ ಕೂತಿದ್ದಿರಂತೆ. (ಅವರಿನ್ನೂ ಬದುಕಿದ್ದರೆ ದಯವಿಟ್ಟು ಈ ಸಾಲನ್ನು ಅವರಿಗೆ ತೋರಿಸಬೇಡಿ.) ಸಾಮಾನ್ಯವಾಗಿ ಮಧ್ಯಾಹ್ನದೊಳಗೆ ಎಲ್ಲ ಮುಗಿಯುವುದರಿಂದ ಹವಳಕ್ಕೆ ಏನೂ ಆಗುತ್ತಿರಲಿಲ್ಲ. ಆದರೆ ನನ್ನ ತಮ್ಮ ಸುಧಾಕರ ಕಡಲಿನಲ್ಲಿದ್ದಾನೆ. ಈಗ ಗಾಳಿಮಳೆಗೆ ಕಾಲವೆಂಬುದಿಲ್ಲ. ಅವನ ದೋಣಿ ಅಳಿವೆಯೊಳಗೆ ಬರಲಾಗದೆ ಆಚೆಯೇ ನಿಂತಿದೆ, ಅವನಿಲ್ಲದೆ ಅಮ್ಮನನ್ನು ಎತ್ತುವಂತಿಲ್ಲ.

ನಿನ್ನೆ ಸಂಜೆಗೇ ಹವಳದ ಮೈತುಂಬ ಅರಳಿರುವ ಸಣ್ಣ ಜೀವಗಳು, ನಮ್ಮ ಮಾತಿನಲ್ಲಿ ಹವಳದ ಹೂಗಳು, ಎಲ್ಲ ಒಳಗೆ ಸೇರಿಕೊಂಡವು. ಕವಲುಗಳ ಮೇಲೆ ಲೋಳೆ ಕಟ್ಟಿತು. ಸಣ್ಣ ಮೀನುಗಳು ಮೇಲೆ ಬಂದು ಬಾಯಿ ತೆರೆಯತೊಡಗಿದವು. ಅಮ್ಮನ ಅಕ್ಕ ಗುಲಾಬಿ ದೊಡ್ಡಮ್ಮ ಸ್ವಿಚ್ಚಿನ ಕೆಳಗೇ ಕುರ್ಚಿ ಹಾಕಿಕೊಂಡು ಕೂತಿದ್ದರು. ಸ್ವಲ್ಪ ಹೊತ್ತಾದರೂ ಹಾಕೋಣ ಎಂದು ನಾನು ಕೇಳಿದೆ.

“ಅಬ್ಬಿ ಹ್ವಾದ್ದಕ್ಕಿಂತ ಕಲ್ಲಿಂದೇ ಚಿಂತಿಯಾ ಹೆಣೆ ನಿಂಗೆ?” ಎಂದರು.

ಅಮ್ಮನೋ ಹವಳದ ಕಲ್ಲೋ ಎಂದು ಆರಿಸುವುದು ನನ್ನಿಂದಾಗಲಿಲ್ಲ. ಒಳಗೆ ಅಮ್ಮ ಮಲಗಿದ್ದಾರೆ, ಹೊರಗೆ ಅವರು ಜೀವಮಾನವೆಲ್ಲ ಕಾದ ಹವಳಕ್ಕೆ ಉಸಿರು ಕಟ್ಟುತ್ತಿದೆ. ಯಾವುದರ ಹತ್ತಿರ ಕೂತರೂ ಇನ್ನೊಂದನ್ನು ಬಿಟ್ಟಂತೆ ಅನಿಸಿ ಎದ್ದು ಎದ್ದು ತಿರುಗುತ್ತಿದ್ದೆ. ಇವತ್ತು ಬೆಳಿಗ್ಗೆ ಒಂದು ಕವಲಿನ ತುದಿ ಬೆಳ್ಳಗಾಗಿತ್ತು. ದೊಡ್ಡಮ್ಮನ ಕೈಹಿಡಿದು ಎಬ್ಬಿಸಿ ಅದನ್ನು ತೋರಿಸಿದೆ. ಅವರಿಗೆ ಮದುವೆಯಲ್ಲಿ ಕೊಟ್ಟ ಚೂರು ಹೋಗುವಾಗಲೂ ಹೀಗೆಯೇ ತುದಿಯಿಂದ ಬೆಳ್ಳಗಾಗಿತ್ತು. ಅವರು ಗಾಜಿಗೆ ಮುಖವಿಟ್ಟು ನೋಡಿದರು. ಆಮೇಲೆ ಬಳೆ ತೆಗೆದು ನನ್ನ ಕೈಗೆ ಕೊಟ್ಟರು, ತೆಂಗಿನೆಣ್ಣೆಯ ಪಸೆ ಹೋಗುವಂತೆ ಉಪ್ಪುನೀರಿನಲ್ಲಿ ಮೊಣಕೈವರೆಗೆ ತೊಳೆದುಕೊಂಡರು.

“ಮೋಟ್ರ್ ಮುಟ್ಟುಕಾಗ ಅಂದದ್ದ್ ಹೌದ್. ಕೈ ಆಡ್ಸುಕಾಗ ಅಂದ್ ಯಾರ್ ಹೇಳಿರ್?”

ಹಾಗೆ ಹೇಳಿ ತೊಟ್ಟಿಗೆ ಕೈ ಇಳಿಸಿದರು. ಹೆಣ ನೋಡಲು ಬಂದಿದ್ದ ಪಕ್ಕದ ಮನೆಯ ಚಂದು ಮರಕಾಲರು ಸುಮ್ಮನಿರಲಾರದೆ, “ಗುಲಾಬಕ್ಕ, ಸಾರ್ ತಿರ್ಗ್ಸಿದಂಗೆ ತಿರ್ಗ್ಸ್‌ಬ್ಯಾಡಿ. ನೀರ್ ಹೋಯಿ ಬರ್ಕ್” ಎಂದರು. ಅಮ್ಮ ಇದ್ದಿದ್ದರೆ ಅದನ್ನೇ ಹೇಳುತ್ತಿದ್ದರು. ಅಳುತ್ತಿದ್ದವರೂ ನಕ್ಕರು. ಆಗಿನಿಂದ ಬಂದವರೆಲ್ಲ ಅಮ್ಮನ ಕಾಲಿಗೆ ನಮಸ್ಕರಿಸಿ, ಕೈ ತೊಳೆದುಕೊಂಡು ಬಂದು ಒಂದಷ್ಟು ಹೊತ್ತು ನೀರು ಆಡಿಸಿ ಹೋಗುತ್ತಿದ್ದಾರೆ.

ಅಜ್ಜಿ, ನನ್ನ ಕೋರಿಕೆ ಇಷ್ಟೆ. ಆ ದಿನ ಬಂದಾಗ ಮೋಟಾರಿನ ಸದ್ದು ನಿಮಗೆ ಬೇಡವಾದರೆ ನಿಲ್ಲಿಸಿ. ನಿಮ್ಮ ಮನೆ, ನಿಮ್ಮ ದುಃಖ. ಆದರೆ ತೊಟ್ಟಿಯ ಮುಂದೆ ಅಷ್ಟು ಹೊತ್ತು ನೀವು ಸುಮ್ಮನೆ ಕೂತಿದ್ದಿರೆಂದು ನನಗೆ ನಂಬಿಕೆಯಾಗುತ್ತಿಲ್ಲ. ಕೈ ನೀರಿನಲ್ಲಿತ್ತು, ಅಲ್ಲವೇ? ಕತೆ ಬಾಯಿಂದ ಬಾಯಿಗೆ ಬರುವಾಗ ಯಾರೋ ನಿಮ್ಮ ಕೈಯನ್ನು ಬಿಟ್ಟುಬಿಟ್ಟಿದ್ದಾರೆ. ನಿಮ್ಮ ಮಗಳಿಗೆ ಈ ಕತೆ ಹೇಳುವಾಗ ಅದನ್ನೂ ಸೇರಿಸಿ ಹೇಳಿ. ಇತ್ತೋ ಇಲ್ಲವೋ, ಇತ್ತೆಂದೇ ಹೇಳಿ.

ದೊಡ್ಡಮ್ಮನ ತೋಳು ಸೋತಿದೆ, ನನ್ನನ್ನು ಕರೆಯುತ್ತಿದ್ದಾರೆ. ಸುಧಾಕರನ ದೋಣಿ ಇನ್ನೂ ಕಾಣಿಸಿಲ್ಲ. ಮೀನುಗಳು ಕೆಳಗಿಳಿದಿವೆ. ಹೂಗಳು ಮಾತ್ರ ಇನ್ನೂ ಬಿರಿದಿಲ್ಲ.

ಒದ್ದೆ ಕೈಯ
ರುಕ್ಕು